ನಂದಾ ಹಿಂದುಳಿದ ಬೇಸಿಗೆ

ಆಗ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟುಗಳು ಈಗಿನಷ್ಟು ಎತ್ತರ ಇರಲಿಲ್ಲ. ಮೂರನೆಯ ಮಹಡಿಯ ನಮ್ಮ ಬಾಲ್ಕನಿಯಲ್ಲಿ ನಿಂತರೆ ಎದುರಿನ ಮನೆಗಳ ನೀರಿನ ಟ್ಯಾಂಕುಗಳ ಸಂದಿಯಲ್ಲಿ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಬೆಳಗಿನ ಗಾಳಿಗೆ ಉಪ್ಪು, ಒಣಮೀನು, ಕೆಳಗಿನ ಟಿಫಿನ್ ಗಾಡಿಯ ಪೆಸರಟ್ಟು ದೋಸೆ ಎಲ್ಲದರ ವಾಸನೆಯೂ ಒಟ್ಟಿಗೇ ಬರುತ್ತಿತ್ತು. ಪರನಾಡಿನಲ್ಲಿ ಬೆಳೆದವರಿಗೆ ನಾನು ಹೇಳುವುದು ಗೊತ್ತಿರುತ್ತದೆ. ಹೊಸ್ತಿಲು ದಾಟುವಾಗ ಚಪ್ಪಲಿಯ ಜೊತೆ ತೆಲುಗನ್ನೂ ಹೊರಗೆ ಬಿಟ್ಟು ಬರಬೇಕಿತ್ತು. ಅದು ಅವ್ವನ ಕಾನೂನು.

ಅಪ್ಪ ಊರಾಚೆಯ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ. ಅವ್ವ ಮದುವೆಗೆ ಮುಂಚೆ ಧಾರವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ನಂದಾಗೆ ಹತ್ತು ತುಂಬುವ ಹೊತ್ತಿಗೆ ಫಿಟ್ಸ್ ಶುರುವಾಯಿತು. ಮೊದಲ ಸಲ ಬಂದದ್ದು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಆಮೇಲೆ ತರಗತಿಯಲ್ಲಿ. ಮತ್ತೊಂದು ಸಲ ಬಂದಾಗ ಶಾಲೆಯವರು ಅಪ್ಪನನ್ನು ಕರೆಸಿ, ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಉಳಿದ ಮಕ್ಕಳು ಹೆದರುತ್ತಿದ್ದಾರೆ ಎಂದು ಮೆತ್ತಗೆ ಹೇಳಿ ಕಳಿಸಿದರು. ಅವತ್ತು ಸಂಜೆಯೇ ಅವ್ವ ನಿರ್ಧಾರ ಮಾಡಿದಳು. ಇಬ್ಬರೂ ಒಂದು ವರ್ಷ ಮನೆಯಲ್ಲೇ ಕಲಿಯುವುದು, ಮುಂದಿನ ಜೂನಿಗೆ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಅಲ್ಲಿನ ಕನ್ನಡ ಶಾಲೆ ಸೇರುವುದು. ನಂದಾ ಒಬ್ಬಳೇ ಮನೆಯಲ್ಲಿ ಕೂರಲು ಒಪ್ಪಳು ಅಂತ ನನ್ನನ್ನೂ ಬಿಡಿಸಿದರು. ಮಾವನಿಗೆ ಪರಿಚಯವಿದ್ದ ಹೆಡ್‌ಮಾಸ್ತರರು ಕಾಯಿಲೆಯ ಮಾತು ಎತ್ತುವುದಿಲ್ಲ, ಆದರೆ ಪ್ರವೇಶಕ್ಕೆ ಕನ್ನಡ ಪರೀಕ್ಷೆಯಲ್ಲಿ ಪಾಸಾಗಲೇಬೇಕು ಎಂದಿದ್ದರಂತೆ.

ಮೊದಲ ತಿಂಗಳುಗಳು ಚೆನ್ನಾಗಿದ್ದವು. ಅಡುಗೆಮನೆಯ ನೆಲದ ಮೇಲೆ ಅವ್ವ ಕಾಯಿ ತುರಿಯುತ್ತಾ ಕೇಳುತ್ತಿದ್ದಳು, ನಾವು ಹೇಳುತ್ತಿದ್ದೆವು. ಸರಿ ಹೇಳಿದವರಿಗೆ ಅನಕಾಪಲ್ಲಿಯ ಬೆಲ್ಲದ ಒಂದು ಚೂರು. ಅಪ್ಪನ ಕಾರ್ಖಾನೆಯ ಗೆಳೆಯರೊಬ್ಬರು ಆ ಕಡೆಯಿಂದ ಬರುವಾಗ ಅಚ್ಚು ಬೆಲ್ಲ ತಂದುಕೊಡುತ್ತಿದ್ದರು, ಅದರಲ್ಲಿ ಅವ್ವ ಹಬ್ಬಕ್ಕೆ ಮಾದಲಿ ಮಾಡಿದರೆ ಏಲಕ್ಕಿಯ ವಾಸನೆ ಲಿಫ್ಟಿನವರೆಗೂ ಬರುತ್ತಿತ್ತು. ನಂದಾಳ ತೊಡಕು ಒಂದೇ ಆಗಿತ್ತು. ಅವಳು ‘ಅವ್ವ ಬಂತು’ ಎನ್ನುತ್ತಿದ್ದಳು.

“ಬಂತು ಅಂತ ಬಸ್ಸಿಗೆ ಅಂತಾರವ್ವ. ಅವ್ವಗ ಬಂದಳು ಅನ್ನಬೇಕು.”

“ತೆಲುಗಿನ್ಯಾಗ ಎರಡೂ ಒಂದ ಐತಲ್ಲ.”

“ನಾವು ತೆಲುಗರಲ್ಲ,” ಎನ್ನುತ್ತಿದ್ದಳು ಅವ್ವ. ಆದರೂ ಆಗ ಅವಳಿಗೆ ನಗು ಬರುತ್ತಿತ್ತು.

ಚಳಿಗಾಲದಲ್ಲಿ ನಂದಾಗೆ ಫಿಟ್ಸ್ ಜೋರಾಯಿತು. ವಿಜಯವಾಡದಲ್ಲಿದ್ದ ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಅಲ್ಲೊಬ್ಬ ಒಳ್ಳೆಯ ನರರೋಗದ ಡಾಕ್ಟರಿದ್ದಾರೆ ಎಂದು ಫೋನ್ ಮಾಡಿದಳು. ಅವ್ವ ನಂದಾಳನ್ನು ಕರೆದುಕೊಂಡು ಹೋದವಳು ಸಂಕ್ರಾಂತಿ ಕಳೆದರೂ ಬರಲಿಲ್ಲ. ನಾನು, ಅಪ್ಪ ಇಬ್ಬರೇ. ಅಪ್ಪ ಸುಟ್ಟ ಚಪಾತಿ ಮಾಡುತ್ತಿದ್ದ, ನಾನು ಅವ್ವ ಗುರುತು ಹಾಕಿಟ್ಟಿದ್ದ ಪಾಠಗಳನ್ನು ಒಬ್ಬಳೇ ಓದಿ ಮುಂದೆ ಹೋಗುತ್ತಿದ್ದೆ. ಅವರು ಮರಳಿ ಬಂದಾಗ ನಂದಾಳ ಮುಖ ಊದಿಕೊಂಡಿತ್ತು, ಕಣ್ಣುಗಳು ಅರ್ಧ ಮುಚ್ಚಿದ್ದವು. ಮಾತು ಒಂದು ಗಳಿಗೆ ತಡೆದು ಬರುತ್ತಿತ್ತು. ಹೊಸ ಔಷಧಿಗೆ ಫಿಟ್ಸ್ ಕಡಿಮೆಯಾಗಿತ್ತು. ಅದರ ಜೊತೆಗೆ ಕಲಿತದ್ದೆಲ್ಲ ಹೋಗಿತ್ತು. ಗುಣಿತಾಕ್ಷರದಲ್ಲೇ ತಡವರಿಸುತ್ತಿದ್ದಳು.

ಜೂನಿಗೆ ಇನ್ನು ಒಂದು ಬೇಸಿಗೆ ಉಳಿದಿತ್ತು. ಆ ಬೇಸಿಗೆಯಲ್ಲಿ ಅವ್ವ ಬೇರೆ ಯಾವ ಕೆಲಸವನ್ನೂ ಕೆಲಸ ಅಂದುಕೊಳ್ಳಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲೇ ಲಿಂಗ, ವಚನ. ಮಧ್ಯಾಹ್ನ ಕಿಟಕಿಗೆ ಒದ್ದೆ ಚಾದರ ಇಳಿಬಿಟ್ಟು ವಿಭಕ್ತಿ. ಸಂಜೆ ಸಮುದ್ರದ ಕಡೆಯ ಗಾಳಿ ಬಂದ ಮೇಲೆ ಬೆಳಗಿನದನ್ನು ಮತ್ತೆ ಕೇಳುವುದು. ಸಂಜೆ ನಂದಾ ಚೆನ್ನಾಗಿಯೇ ಹೇಳುತ್ತಿದ್ದಳು. ಬೆಳಗಾದರೆ ಏನೂ ಇರುತ್ತಿರಲಿಲ್ಲ. ಒರೆಸಿದ ಪಾಟಿ. ಅವ್ವ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು, ದನಿ ಏರಿಸದೆ, ನಿನ್ನೆ ಹೇಳಿಕೊಟ್ಟಿದ್ದೆ ಎನ್ನದೆ. ಅದನ್ನು ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

ಮೇ ತಿಂಗಳಲ್ಲಿ ಒಂದು ಸಂಜೆ ನಮ್ಮೂರಿನ ದ್ವಾರಕಾ ನಗರದ ಡಾಕ್ಟರ ಹತ್ತಿರ ಅವ್ವ, ನಂದಾ, ನಾನು ಮೂವರೂ ಹೋದೆವು. ವಿಜಯವಾಡದ ಔಷಧಿಯನ್ನೇ ಇಲ್ಲಿ ಅವರು ನೋಡಿಕೊಳ್ಳುತ್ತಿದ್ದರು. ನಂದಾಳನ್ನು ಹೊರಗೆ ನರ್ಸಿನ ಹತ್ತಿರ ಕೂರಿಸಿ ನಾವಿಬ್ಬರೂ ಒಳಗೆ ಹೋದೆವು. ಔಷಧಿ ಇನ್ನೂ ಹೆಚ್ಚಿಸಬೇಕು, ಮಂಪರು ಇರುತ್ತದೆ, ನೆನಪು ನಿಲ್ಲುವುದು ಕಷ್ಟ, ಈ ವರ್ಷ ಓದಿಗೆ ಒತ್ತಾಯ ಮಾಡಬೇಡಿ ಎಂದು ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಮುಂದೆ ಸರಿಹೋಗುತ್ತದಾ ಎಂದು ಅವ್ವ ಕೇಳಿದಳು. ಹೇಳಲಾರೆ ಎಂದರು. ಅವ್ವ “ಸರೇನಂಡಿ” ಎಂದು ಎದ್ದಳು.

ಬಸ್ ಸ್ಟಾಪಿನಲ್ಲಿ ನಂದಾಗೆ ಮೂಸಂಬಿ ರಸ ಕೊಡಿಸಿ, ಅವಳು ಕುಡಿಯುತ್ತಿರುವಾಗ ಅವ್ವ ನನ್ನ ಕಡೆ ಬಗ್ಗಿದಳು.

“ಅಪ್ಪಗ ಇದನ್ನ ಹೇಳಬ್ಯಾಡ.”

ನಾನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಎಂದಿನಂತೆ ನಂದಾಳನ್ನು ಎಬ್ಬಿಸಿ, ಮುಖ ತೊಳೆಸಿ, ಎದುರಿಗೆ ಕೂರಿಸಿಕೊಂಡಳು. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಆ ಮಾತು ಆಡದೆ ದಿನ ಕಳೆದೆವು.

ನಾನೊಂದು ಉಪಾಯ ಮಾಡಿದೆ. ಟೆರೇಸಿನ ಮೇಲೆ ಇದ್ದಿಲಿನಿಂದ ಕುಂಟಾಟದ ಮನೆಗಳನ್ನು ಬರೆದು ಒಂದೊಂದಕ್ಕೆ ಒಂದೊಂದು ವಿಭಕ್ತಿ ಇಟ್ಟೆ. ಬಿಲ್ಲೆ ಎಸೆದು ಒಂಟಿ ಕಾಲಲ್ಲಿ ಜಿಗಿಯುತ್ತಾ ಹೇಳಬೇಕು. ಮರವು, ಮರವನ್ನು, ಮರದಿಂದ, ಮರಕ್ಕೆ. ಎಲ್ಲಿ ಬೀಳುತ್ತಾಳೋ ಎಂದು ನಾನು ಪಕ್ಕದಲ್ಲೇ ಓಡುತ್ತಿದ್ದೆ. ಒಂದು ಸಂಜೆ ಅವಳು ಎಲ್ಲಿಯೂ ತಪ್ಪದೆ ಕೊನೆಯ ಮನೆ ಮುಟ್ಟಿದಳು. ಬೆವರಿದ ಕೈ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿದೆವು. ಅವ್ವ ಅನ್ನ ಬಸಿಯುತ್ತಿದ್ದಳು. ಪಾತ್ರೆ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕೂತಳು.

ನಂದಾ ನಿಂತಳು. ‘ಮರವು’ ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ತುಟಿ ಅಲ್ಲಾಡಿಸಿದೆ. ಅವಳಿಗೆ ಅದೂ ತಿಳಿಯಲಿಲ್ಲ. ಅವ್ವ ಬಹಳ ಹೊತ್ತು ಕಾಯ್ದಳು. ಕಡೆಗೆ ಅವ್ವನ ಕಣ್ಣಲ್ಲಿ ನೀರು ಬಂತು, ಅದನ್ನು ನಾನು ಆ ಬೇಸಿಗೆಯಲ್ಲಿ ಕಂಡದ್ದು ಅದೊಂದೇ ಸಲ. ನಂದಾ ಹತ್ತಿರ ಹೋಗಿ ಅವ್ವನ ಗಲ್ಲ ಸವರಿದಳು.

“ಅಳಬ್ಯಾಡವ್ವ. ನಾಳೆ ನೆನಪಿಡ್ತೀನಿ.”

ಜೂನ್ ಬಂತು. ಪರೀಕ್ಷೆಗೆ ಹೊರಟ ನಾವು ನಾಲ್ವರೂ ವಿಜಯವಾಡದಲ್ಲಿ ಇಳಿದು, ದೊಡ್ಡವ್ವನ ಮನೆಯಲ್ಲಿ ಊಟ ಮಾಡಿ, ಸಂಜೆ ಹುಬ್ಬಳ್ಳಿಯ ರೈಲು ಹಿಡಿಯುವುದೆಂದು ಮಾತಾಗಿತ್ತು. ಆ ಊರಿನ ಸೆಕೆ ನಮ್ಮ ಸಮುದ್ರದ ಸೆಕೆಯಂಥದಲ್ಲ. ಗೋಡೆ ಮುಟ್ಟಿದರೆ ಒಲೆ ಮುಟ್ಟಿದ ಹಾಗೆ. ದೊಡ್ಡವ್ವ ಎಳೆ ತಾಳೆಕಾಯಿಯ ತಾಟಿನುಂಗು ತರಿಸಿ ಸಿಪ್ಪೆ ಸುಲಿದು ಕೊಟ್ಟಳು. ವರಾಂಡದ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಒಳಗಿನ ನೀರು ಹೀರುತ್ತಿದ್ದೆವು. ನಂದಾಗೆ ಹೊಸ ಲಂಗ, ಎರಡು ಜಡೆ. ಧಾರವಾಡದಲ್ಲಿ ಸಮುದ್ರ ಇಲ್ಲವಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುವಷ್ಟರಲ್ಲಿ ಅವಳ ಕೈಯಿಂದ ಕಾಯಿ ಜಾರಿತು.

ಅವತ್ತು ಬಂದದ್ದು ನಿಲ್ಲಲಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು. ದೊಡ್ಡಪ್ಪ ಆಟೋ ತಂದರು. ಆಸ್ಪತ್ರೆಯಲ್ಲಿ ಸೂಜಿ ಕೊಟ್ಟ ಮೇಲೆ ಅವಳ ಮೈ ಸಡಿಲವಾಯಿತು. ಕೆಲವು ದಿನ ಇಲ್ಲೇ ಇರಬೇಕು ಎಂದರು. ರೈಲಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಪರೀಕ್ಷೆಯನ್ನು ಒಂದು ವಾರ ಮುಂದೆ ಹಾಕಲು ಆಗುತ್ತದಾ ಎಂದು ಅಪ್ಪ ಮಾವನಿಗೆ ಫೋನ್ ಮಾಡಿದ. ಆಗುವುದಿಲ್ಲವಂತೆ. ಫೋನನ್ನು ಜೇಬಿನಲ್ಲಿಟ್ಟುಕೊಂಡು ವಾರ್ಡಿನ ಬಾಗಿಲಿಗೆ ಬಂದ.

“ಇಬ್ಬರದೂ ಹಾಳು ಮಾಡೋದು ಬ್ಯಾಡ,” ಎಂದ. “ಒಬ್ಬಾಕಿದರ ಆಗ್ಲಿ.”

ನಾನು ಹೋಗುವುದಿಲ್ಲ ಎಂದೆ. ಅವ್ವ ನನ್ನನ್ನು ಹತ್ತಿರ ಎಳೆದುಕೊಂಡು, ಬಿಚ್ಚಿಹೋಗಿದ್ದ ನನ್ನ ಜಡೆಯನ್ನು ಮತ್ತೆ ಹೆಣೆದಳು. ಅವಳ ಬೆರಳುಗಳಿಗೆ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಹತ್ತಿತ್ತು. ಕೇಳಿದ್ದಕ್ಕೆ ಸಾವಕಾಶ ಉತ್ತರ ಹೇಳು, ಗಡಿಬಿಡಿ ಮಾಡಬೇಡ ಎಂದಳು.

ಅಪ್ಪ ದೊಡ್ಡವ್ವನಿಗೆ “ನಾವು ಹೊಂಟ್ವಿ ಹಂಗಾರ” ಎನ್ನುತ್ತಿದ್ದಾಗ ನಂದಾ ಕಣ್ಣು ಬಿಟ್ಟಳು. ತೆಲುಗಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಮಾತುಗಳಿವೆ. ಮನಂ ಎಂದರೆ ಕೇಳುತ್ತಿರುವವರೂ ಸೇರಿದ ನಾವು. ಮೇಂ ಎಂದರೆ ಅವರನ್ನು ಬಿಟ್ಟು ಉಳಿದವರು.

“ನಾವು ಅಂದ್ರ?” ಎಂದಳು ನಂದಾ, ನಾಲಿಗೆ ತೊಡರುತ್ತಾ. “ಮನಮಾ? ಮೇಮಾ?”

ಅವ್ವ ಅವಳ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಮಗುಚಿ ಹಾಕಿದಳು.

ಪರೀಕ್ಷೆಯಲ್ಲಿ ಏನು ಕೇಳಿದರೋ ಒಂದೂ ನೆನಪಿಲ್ಲ. ಪಾಸಾದೆ. ಹೆಡ್‌ಮಾಸ್ತರರು, ಆಂಧ್ರದಿಂದ ಬಂದ ಹುಡುಗಿ ಇಷ್ಟು ಶುದ್ಧ ಬರೆಯುತ್ತಾಳಲ್ಲ ಎಂದು ಮಾವನ ಮುಂದೆ ಹೊಗಳಿದರಂತೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ. ಭಾಳ ಛಲೋ ಆತು ಎಂದಳು. ನೀವು ಯಾವಾಗ ಬರ್ತೀರಿ ಎಂದಾಗ, ಬರುವ ವರ್ಷ ಎಂದಳು. ಬರುವ ವರ್ಷವೂ ಅದನ್ನೇ ಹೇಳಿದಳು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಡಾಕ್ಟರು ಹತ್ತಿರ ಇರಲಿ ಎಂದು ಅವ್ವ, ನಂದಾ ವಿಜಯವಾಡದಲ್ಲೇ ದೊಡ್ಡವ್ವನ ಬೀದಿಯಲ್ಲಿ ಒಂದು ಮನೆ ಹಿಡಿದರು. ಅಪ್ಪ ನಿವೃತ್ತನಾಗುವವರೆಗೆ ವಿಶಾಖಪಟ್ಟಣದಲ್ಲೇ ಉಳಿದ. ನಾನು ಧಾರವಾಡದಲ್ಲಿ. ನಾಲ್ಕು ಜನ ಮೂರು ಊರಿನವರಾದೆವು. ನಂದಾಳನ್ನು ಮನೆಯ ಹತ್ತಿರದ ತೆಲುಗು ಶಾಲೆಗೆ ಹಾಕಿದರು. ಎರಡು ಭಾಷೆಯ ಭಾರ ಆ ತಲೆಗೆ ಬೇಡವೆಂದು ಅವ್ವನೇ ಮನೆಯೊಳಗೂ ಅವಳ ಜೊತೆ ತೆಲುಗು ಮಾತಾಡಲು ಶುರುಮಾಡಿದಳು. ಇದನ್ನು ದೊಡ್ಡವ್ವ ನನಗೆ ಹೇಳಿದಳು. ಅವ್ವ ಹೇಳಲಿಲ್ಲ.

ಈಗ ನಂದಾಗೆ ಫಿಟ್ಸ್ ಅಪರೂಪ. ಮನೆಯಲ್ಲೇ ರವಿಕೆಗೆ ಕಸೂತಿ ಹಾಕುತ್ತಾಳೆ. ಅವಳಿಗೆ ಕನ್ನಡ ಮರೆತುಹೋಗಿದೆ, ನನಗೂ ತೆಲುಗು ಸವೆದುಹೋಗಿದೆ, ಅಂಗಡಿಯಲ್ಲಿ ಕೇಳುವಷ್ಟು ಮಾತ್ರ ಉಳಿದಿದೆ. ಫೋನಿನಲ್ಲಿ ಊಟ, ಔಷಧಿ, ಸೆಕೆ ಇಷ್ಟನ್ನು ಕೇಳಿ ಮುಗಿಸಿದರೆ ನಮ್ಮಿಬ್ಬರ ನಡುವೆ ಮಾತು ಸಾಗುವುದಿಲ್ಲ. ಒಂದೇ ಚಾದರದೊಳಗೆ ಮಲಗಿ ಅವ್ವ ಬೈಯುವವರೆಗೂ ಪಿಸುಗುಡುತ್ತಿದ್ದ ಹುಡುಗಿಯರು ನಾವೇನಾ ಎನಿಸುತ್ತದೆ. ನಾನು ಬರೆದ ಇದನ್ನು ಓದಲು ಅವಳಿಗೆ ಬರುವುದಿಲ್ಲ. ಅವ್ವ ಓದಿ ಹೇಳಬಹುದಿತ್ತು, ಆದರೆ ಕಳಿಸುವ ಧೈರ್ಯ ನನಗಿಲ್ಲ.

ಹೋದ ಬೇಸಿಗೆಯಲ್ಲಿ ವಿಜಯವಾಡಕ್ಕೆ ಹೋಗಿದ್ದಾಗ ಒಂದು ಮಧ್ಯಾಹ್ನ ಅಪ್ಪ, ಅವ್ವ ಬ್ಯಾಂಕಿಗೆ ಹೋಗಿದ್ದರು. ನಾವಿಬ್ಬರೇ ಉಳಿದೆವು. ಅವಳು ನನಗೆ ಬಡಿಸಿದಳು, ಮಜ್ಜಿಗೆ ಕೊಟ್ಟಳು. ತಟ್ಟೆ ಎತ್ತಿದ ಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವಳು ಟಿವಿ ಹಾಕಿದಳು. ಯಾವುದೋ ಧಾರಾವಾಹಿ. ಇವಳು ಯಾರ ಹೆಂಡತಿ, ಅವಳು ಯಾಕೆ ಮನೆ ಬಿಟ್ಟಳು ಎಂದು ನನ್ನ ಕಡೆ ತಿರುಗಿ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ, ದೂರದಿಂದ ಬಂದ ನೆಂಟರಿಗೆ ಹೇಳುವ ಹಾಗೆ ಮರ್ಯಾದೆಯಿಂದ ತೆಲುಗಿನಲ್ಲಿ ಹೇಳುತ್ತಿದ್ದಳು. ನಾನು ಅರ್ಥವಾದವಳಂತೆ ತಲೆಯಾಡಿಸುತ್ತಾ ಕೂತಿದ್ದೆ.