ಕಣ್ಣೆದುರೇ ಕುಡಿಸಿದ ಹಾಲು

ಐವತ್ತರ ದಶಕದಲ್ಲಿ ಮುಂಬಯಿಯ ಒಂದು ಮಕ್ಕಳ ನೆರವಿನ ಸಂಸ್ಥೆಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದೆ. ಫೋರ್ಟ್ ಪ್ರದೇಶದ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ‘ಪ್ರಚಾರ’ ಎಂದು ಬರೆದ ಸಣ್ಣ ಹಲಗೆಯೊಂದಿತ್ತು. ಹೆಸರು ದೊಡ್ಡದು, ಕೆಲಸ ಮಾತ್ರ ಬೇಡುವುದು. ಬೆಳಿಗ್ಗೆ ಬೇಡುವ ಪತ್ರ, ಊಟವಾದ ಮೇಲೆ ಕೊಟ್ಟವರಿಗೆ ವಂದನೆಯ ಪತ್ರ. ಎರಡಕ್ಕೂ ಒಂದೇ ಟೈಪ್‌ರೈಟರು, ಒಂದೇ ಬಗೆಯ ಇಂಗ್ಲಿಷು.

ಭಾವ ಯಾರ್ಯಾರದೋ ಕೈಕಾಲು ಹಿಡಿದು ಕೊಡಿಸಿದ ಕೆಲಸ ಅದು. ಮೈಸೂರಿನಿಂದ ಬಂದವನಿಗೆ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕ, ಗೋಡೆಗೆ ಅಂಟಿಕೊಂಡು ಮಲಗುವಷ್ಟು ಜಾಗ ಸಿಕ್ಕಿತ್ತು. ಅಕ್ಕ ಎರಡನೆಯ ಸಲದ ಬಸುರಿ. ಆ ಮನೆಯಲ್ಲಿ ಕೆಲಸ ಬಿಡುತ್ತೇನೆ ಎಂಬ ಮಾತನ್ನು ಆಡುವುದಕ್ಕೂ ಜಾಗವಿರಲಿಲ್ಲ.

ನಮ್ಮ ಸಂಸ್ಥೆಗೆ ಹೊರದೇಶದಿಂದ ಹಡಗಿನಲ್ಲಿ ಹಾಲಿನ ಪುಡಿ ಬರುತ್ತಿತ್ತು. ಚೆಂಬೂರಿನ ಆಚೆ ರಿಫೈನರಿ ಕಟ್ಟುವ ಕೂಲಿಗಳ ಜೋಪಡಿಗಳಿದ್ದವು. ಅವುಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಆ ಪುಡಿಯನ್ನು ಬಿಸಿನೀರಿಗೆ ಕದಡಿ, ಕಾರ್ಡು ಇದ್ದ ಮಕ್ಕಳಿಗೆ ದಿನಕ್ಕೊಂದು ಲೋಟ ಕೊಡುತ್ತಿದ್ದೆವು. ಬೇರೆ ಕಡೆ ಈ ಪುಡಿ ಚಹಾದಂಗಡಿಗಳಿಗೆ ಹೋಗುತ್ತದೆ ಎಂಬ ಗುಸುಗುಸು ಇದ್ದದ್ದರಿಂದ ಒಂದು ಕಾನೂನು: ಹಾಲನ್ನು ಅಲ್ಲೇ ನಿಂತು ಕುಡಿಯಬೇಕು. ಮನೆಗೆ ಒಯ್ದರೆ ಕಾರ್ಡು ರದ್ದು. ಆ ಕಾನೂನನ್ನು ನಾನು ಒಂದು ವಾಕ್ಯ ಮಾಡಿದೆ: ‘ಒಂದೊಂದು ಹನಿಯೂ ನಮ್ಮ ಕಣ್ಣೆದುರೇ ಮಗುವಿನ ಹೊಟ್ಟೆ ಸೇರುತ್ತದೆ.’ ಎಲ್ಲ ಪತ್ರಗಳಲ್ಲೂ ಅದನ್ನು ಹಾಕುತ್ತಿದ್ದೆ. ಆ ವಾಕ್ಯದ ಮೇಲೆ ನನಗೆ ಎಷ್ಟು ಮೋಹವಿತ್ತೆಂದರೆ, ಟ್ರೇನಿನಲ್ಲಿ ನಿಂತಾಗಲೂ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೆ.

ವಾರಕ್ಕೆರಡು ಸಲ ಕುರ್ಲಾದಲ್ಲಿ ಗಾಡಿ ಬದಲಿಸಿ ಶೆಡ್ಡಿಗೆ ಹೋಗುವುದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಆರು ವರ್ಷದ ಹುಡುಗನೊಬ್ಬ ಅಂಗಿಯೊಳಗೆ ಔಷಧದ ಖಾಲಿ ಬಾಟಲಿ ಇಟ್ಟುಕೊಂಡು, ಅದಕ್ಕೆ ಹಾಲು ಬಗ್ಗಿಸಿಕೊಳ್ಳುವುದನ್ನು ನಾನೇ ನೋಡಿದೆ, ನಾನೇ ಹಿಡಿದೆ. ಯಾರಿಗೆ ಒಯ್ಯುತ್ತಿದ್ದೀಯಪ್ಪ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಅವನ ಕಾರ್ಡಿನ ಮೇಲೆ ಕೆಂಪು ಗೀಟು ಎಳೆದು ಆಫೀಸಿಗೆ ಬಂದವನೇ, ನಮ್ಮ ಕಟ್ಟುನಿಟ್ಟಿಗೆ ಸಾಕ್ಷಿಯಾಗಿ ಆ ಸಂಗತಿಯನ್ನೇ ಪತ್ರ ಮಾಡಿ ಹನ್ನೆರಡು ಕಡೆ ಕಳಿಸಿದೆ.

ಪತ್ರ ಚೆನ್ನಾಗಿ ಕೆಲಸ ಮಾಡಿತು. ಸಾಂತಾಕ್ರೂಜ್‌ನಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಯಜಮಾನರೊಬ್ಬರು ತಾವಾಗಿ ಆಫೀಸಿಗೆ ಬಂದರು. ಸಕ್ಕರೆ, ಕಟ್ಟಿಗೆ, ಒಬ್ಬ ಅಡಿಗೆಯವನು, ಇಷ್ಟನ್ನೂ ತಾವು ಕೊಡುವುದಾಗಿ ಹೇಳಿದರು. “ನಿಮ್ಮ ಕಟ್ಟುನಿಟ್ಟು ಉಂಟಲ್ಲ ಮಾರಾಯ್ರೆ, ಅದು ನನಗೆ ಇಷ್ಟ ಆಯ್ತು,” ಎಂದರು. ನಮ್ಮ ಸೆಕ್ರೆಟರಿ, ಎಲ್ಲರೂ ಅಮ್ಮಾವರೆಂಬ ಅರ್ಥದಲ್ಲಿ ‘ಬಾಯಿ’ ಎಂದು ಕರೆಯುತ್ತಿದ್ದ ಪಾರ್ಸಿ ಹೆಂಗಸು, ಅಂದು ಮೊದಲ ಬಾರಿಗೆ ನನಗೆ ತಮ್ಮ ಕೋಣೆಯಲ್ಲೇ ಚಹಾ ತರಿಸಿದರು.

ಕೆಲವು ವಾರಗಳ ನಂತರ ಹಾಲು ಕಳಿಸುವ ದೇಶದಿಂದ ಒಬ್ಬ ದೊರೆಸಾನಿ ಕೇಂದ್ರ ನೋಡಲು ಬಂದರು. ಬಾಯಿ, ಯಜಮಾನರು, ಕ್ಯಾಮರಾದವನು, ನಾನು, ಎಲ್ಲರೂ ಶೆಡ್ಡಿನಲ್ಲಿ ಸೇರಿದೆವು. ಚಿತ್ರಕ್ಕೊಂದು ಮಗು ಬೇಕಿತ್ತು. ಎರಡು ಜಡೆ ಹಾಕಿ, ತೊಳೆದ ಫ್ರಾಕು ತೊಟ್ಟಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ಲೋಟ ಬರಿದು ಮಾಡಿ ಹೊರಟಿದ್ದಳು. ಕಲಬುರ್ಗಿ ಕಡೆಯ ಕೂಲಿಯವರ ಮಗಳೆಂದು ರಿಜಿಸ್ಟರಿನಿಂದ ಗೊತ್ತಿತ್ತು. ಕೈ ಹಿಡಿದು ನಿಲ್ಲಿಸಿ, “ಥ್ಯಾಂಕ್ಯೂ ಅಂತ ಹೇಳಮ್ಮ,” ಎಂದೆ. ಅವಳು ತಲೆ ಅಲ್ಲಾಡಿಸಿದಳು. ಮತ್ತೆ ಹೇಳಿದೆ. ತುಟಿ ಬಿಗಿಹಿಡಿದು ಹಿಂದೆ ಸರಿದಳು. ಬಾಯಿ ನನ್ನನ್ನು ನೋಡುತ್ತಿದ್ದರು, ಕ್ಯಾಮರಾದವನು ಕಾಯುತ್ತಿದ್ದ. ನನಗೆ ರೇಗಿತು. ಆಟವಾಡಿಸುವವನಂತೆ ನಗುತ್ತಲೇ ಅವಳ ಎರಡೂ ಕೆನ್ನೆ ಒತ್ತಿದೆ.

ಬಾಯೊಳಗಿದ್ದ ಹಾಲೆಲ್ಲ ನನ್ನ ಕೈಮೇಲೆ, ಅವಳ ಫ್ರಾಕಿನ ಮೇಲೆ ಚೆಲ್ಲಿತು.

“ನಮ್ಮ ತಮ್ಮಗ ಒಯ್ಯಾಕ ಇಟ್ಕೊಂಡಿದ್ದೆರೀ!” ಎಂದು ಅವಳು ಕಿರುಚಿದಳು. “ಅವನ ಕಾರ್ಡು ನೀವ ಕಸ್ಕೊಂಡೀರಿ, ಈಗ ಇದನ್ನೂ ಚೆಲ್ಲಿಸಿಬಿಟ್ರಿ!”

ಬಾಟಲಿಯ ಹುಡುಗ ಇವಳ ತಮ್ಮ. ಪ್ರತಿದಿನ ಕೊನೆಯ ಗುಟುಕನ್ನು ನುಂಗದೆ ಬಾಯಲ್ಲಿ ಹಿಡಿದುಕೊಂಡು ಇವಳು ಜೋಪಡಿಗೆ ಓಡುತ್ತಿದ್ದಳು.

“ಏನಂದಳು?” ಎಂದು ಬಾಯಿ ಕೇಳಿದರು. ದೊರೆಸಾನಿಯೂ ನನ್ನ ಕಡೆಗೇ ನೋಡಿದರು. ನೋಡಲು ಸೇರಿದವರಲ್ಲಿ ಕನ್ನಡ ಬಲ್ಲವರು ನಾನು ಮತ್ತು ಯಜಮಾನರು ಇಬ್ಬರೇ. ಇದ್ದದ್ದನ್ನು ಹೇಳಿದರೆ ನನ್ನದೇ ಕಾನೂನಿನ ಪ್ರಕಾರ ಇವಳ ಕಾರ್ಡೂ ಹೋಗುತ್ತದೆ. ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಿಬಿಟ್ಟೆ: “ಇನ್ನೂ ಬೇಕಂತೆ.”

ದೊರೆಸಾನಿಯ ಕಣ್ಣಲ್ಲಿ ನೀರು ಬಂತು. ತಾವೇ ಎದ್ದು ಹೋಗಿ ಇನ್ನೊಂದು ಲೋಟ ತುಂಬಿಸಿ ತಂದರು. ಅದನ್ನು ಅವಳು ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ಕೊನೆಯ ಹನಿಯವರೆಗೂ ಕುಡಿಯಬೇಕಾಯಿತು. ನುಂಗಿದಳು, ಬಿಕ್ಕಿದಳು, ಮತ್ತೆ ನುಂಗಿದಳು. ಕಣ್ಣು ಮಾತ್ರ ನನ್ನ ಮೇಲಿತ್ತು. ಆಗ ತೆಗೆದ ಚಿತ್ರ, ಕೆಳಗೆ ‘ಇನ್ನೂ ಬೇಕು’ ಎಂಬ ಮಾತಿನೊಂದಿಗೆ, ನಮ್ಮ ಭಿತ್ತಿಪತ್ರವಾಯಿತು. ಅದನ್ನು ಬರೆದು ಪ್ರೆಸ್ಸಿಗೆ ಕೊಟ್ಟವನೂ ನಾನೇ.

ಹೊರಗೆ ಬಂದಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. “ನನಗೂ ಕೇಳಿದೆ,” ಎಂದರು. “ಆದ್ರೆ ಕೇಳಲಿಲ್ಲ ಅಂತ ಇಟ್ಟುಕೊಳ್ಳುವ. ಅಲ್ಲವೋ? ಪೇಪರಿನವರಿಗೆ ಗೊತ್ತಾದ್ರೆ ನನ್ನ ಹೋಟ್ಲಿನ ಹೆಸರೂ ಸೇರ್ತದೆ.” ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೆನ್ನು ತಟ್ಟಿ ಹೋದರು.

ಮರುದಿನ ಬಾಯಿಯ ಕೋಣೆಗೆ ಹೋಗಿ, ಬಾಟಲಿಯ ಹುಡುಗನ ಕಾರ್ಡನ್ನು ವಾಪಸ್ ಕೊಡೋಣ ಎಂದೆ. ಅವರು ಫೈಲು ತೆಗೆದು ನನ್ನ ಪತ್ರವನ್ನೇ ನನ್ನ ಮುಂದೆ ಇಟ್ಟರು. ಇದು ಹನ್ನೆರಡು ಕಡೆ ಹೋಗಿದೆ, ತಪ್ಪಾಯಿತು ಎಂದು ಹನ್ನೆರಡು ಪತ್ರ ಬರೆಯುತ್ತೀರಾ, ಆಮೇಲೆ ಹಡಗು ನಿಂತರೆ ಉಳಿದ ಮಕ್ಕಳಿಗೆ ಯಾರು ಕೊಡುತ್ತಾರೆ ಎಂದು ಕೇಳಿದರು. ಕೆಟ್ಟ ಹೆಂಗಸಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ನನ್ನದೇ ಪತ್ರವನ್ನು ಓದುತ್ತ ನಿಂತಿದ್ದೆ.

ಆ ಭಾನುವಾರ ಒಂದು ಬಾಟಲಿ ಹಾಲು ಕೊಂಡು, ರಿಜಿಸ್ಟರಿನ ವಿಳಾಸ ಹಿಡಿದು ಜೋಪಡಿಗೆ ಹೋದೆ. ನನ್ನನ್ನು ಕಂಡದ್ದೇ ಹುಡುಗ ತಾಯಿಯ ಸೀರೆ ಹಿಂದೆ ಅಡಗಿದ. ನಾನು ಬಾಟಲಿ ಮುಂದೆ ಚಾಚಿದೆ. ಆಕೆ ಎರಡು ಹೆಜ್ಜೆ ಹಿಂದೆ ಹೋದಳು.

“ಬ್ಯಾಡ್ರೀ ಸಾಹೇಬ್ರ. ಇದನ್ನ ತಗೊಂಡ್ರ ಹುಡುಗಿ ಕಾರ್ಡೂ ಕಸ್ಕೋತೀರಿ.”

“ಇಲ್ಲಮ್ಮ, ಇದು ನಾನು ಕೊಂಡದ್ದು, ಆ ಹಾಲಲ್ಲ.”

“ನಮಗ ಗೊತ್ತೈತ್ರಿ,” ಎಂದು ಕೈ ಮುಗಿದಳು. ಅದು ಪರೀಕ್ಷೆಯೆಂದು ಅವಳು ತಿಳಿದಿದ್ದಳು. ಎಷ್ಟು ಹೇಳಿದರೂ ಮುಗಿದ ಕೈ ಇಳಿಸಲಿಲ್ಲ. ಹಾಲನ್ನು ಮನೆಗೆ ತಂದೆ. ಅಕ್ಕ ಅದಕ್ಕೆ ಹೆಪ್ಪು ಹಾಕಿದಳು.

“ಅಕ್ಕ, ನಾನು ಈ ಕೆಲಸ ಬಿಡ್ತೀನಿ ಕಣೆ,” ಎಂದೆ.

“ಬಿಟ್ಟು ಏನ್ ಮಾಡ್ತೀಯೋ? ನಿಮ್ಮ ಭಾವ ಎಷ್ಟು ಜನರ ಮುಂದೆ ಹಲ್ಲು ಗಿಂಜಿದಾರೆ ಗೊತ್ತಾ? ಮಕ್ಕಳಿಗೆ ಹಾಲು ಕುಡಿಸೋ ಕೆಲಸ, ಅದರಲ್ಲಿ ನಿಂಗೇನು ಕಷ್ಟ ಬಂತೋ?”

ನಡೆದದ್ದನ್ನು ಹೇಳಿದ್ದರೆ ಅವಳು ಅಳುತ್ತಿದ್ದಳು, ಆಮೇಲೆ ನನ್ನನ್ನು ಬೆಳಿಗ್ಗೆ ಅದೇ ಕೆಲಸಕ್ಕೆ ಕಳಿಸುತ್ತಿದ್ದಳು.

ಮುಂದಿನ ಸಲ ಶೆಡ್ಡಿಗೆ ಹೋದಾಗ ಹುಡುಗಿ ಸಾಲಿನಲ್ಲಿದ್ದಳು. ಲೋಟವನ್ನು ಒಂದೇ ಸಲಕ್ಕೆ ಬರಿದು ಮಾಡಿ, ನೇರ ನನ್ನ ಮುಂದೆ ಬಂದು ನಿಂತಳು. ತಲೆ ಎತ್ತಿ ಬಾಯಿ ಅಗಲವಾಗಿ ತೆರೆದಳು. ನಾಲಿಗೆ ಮೇಲೆತ್ತಿ ಅದರ ಅಡಿಯನ್ನೂ ತೋರಿಸಿದಳು. ನಾನು ಕೇಳಿರಲಿಲ್ಲ. “ಬೇಡಮ್ಮ, ಹೋಗು,” ಎಂದೆ. ನಾನು ಒಳಗೆ ನೋಡುವವರೆಗೂ ಅವಳು ಬಾಯಿ ಮುಚ್ಚಲಿಲ್ಲ. ನೋಡಿದೆ. ಅವಳು ಹೋದಳು. ಅಂದು ಓಡಲಿಲ್ಲ, ನಡೆದೇ ಹೋದಳು.

ಅವಳ ಹಿಂದಿದ್ದ ಮಗು ಅದೊಂದು ಹೊಸ ಕಾನೂನೆಂದುಕೊಂಡು ತಾನೂ ಬಂದು ಬಾಯಿ ತೆರೆಯಿತು. ಅದರ ಹಿಂದೆ ಇನ್ನೊಂದು. ವಾರ ಎರಡು ವಾರದಲ್ಲಿ ಇಡೀ ಸಾಲು ನನ್ನ ಮುಂದೆ ಬಾಯಿ ತೆರೆದು ತೋರಿಸಿಯೇ ಹೊರಗೆ ಹೋಗುತ್ತಿತ್ತು. ಬೇಡ ಎಂದು ಗದರಿದರೆ ಇನ್ನೂ ಅಗಲವಾಗಿ ತೆರೆಯುತ್ತಿದ್ದರು.

ತಿಂಗಳ ಕೊನೆಗೆ ನಮ್ಮ ಸೆಕ್ರೆಟರಿ ತಪಾಸಣೆಗೆ ಬಂದು ಇದನ್ನು ನೋಡಿದರು. ಅವರಿಗೆ ಬಹಳ ಹಿಡಿಸಿತು. ಇದು ಯಾರ ಯೋಚನೆ ಎಂದು ಕೇಳಿದರು. ಸಾಲಿನಲ್ಲಿ ಎರಡು ಜಡೆಯ ಹುಡುಗಿ ನನ್ನನ್ನೇ ನೋಡುತ್ತ ನಿಂತಿದ್ದಳು. ನಾನು ಸುಮ್ಮನಿದ್ದೆ. ನನ್ನದೇ ಎಂದುಕೊಂಡು ಅವರು, ಮುಂದಿನ ಪತ್ರದಲ್ಲಿ ಇದನ್ನು ಸೇರಿಸಿ ಎಂದರು.

ಸೇರಿಸಿದೆ. ಚೆನ್ನಾಗಿಯೇ ಬರೆದೆ.