ನಾನು ಕಲಿಸಿದ ಅತಿಥಿ ಸತ್ಕಾರ

ಸಿಂದಗಿಯ ಒಂದು ಖಾಸಗಿ ಪದವಿಪೂರ್ವ ಕಾಲೇಜಿನಲ್ಲಿ ನಾನು ಗೃಹವಿಜ್ಞಾನ ಕಲಿಸುತ್ತಿದ್ದೆ. ಆ ವರ್ಷ ಹನ್ನೊಂದು ಹುಡುಗಿಯರಿದ್ದರು. ಬೇರೆ ವಿಷಯ ಸಿಗದೆ ಬಂದವರೇ ಹೆಚ್ಚು. ಉಳಿದವರನ್ನು "ಮದುವಿ ಆದಮ್ಯಾಲೆ ಉಪಯೋಗ ಆಗ್ತೈತಿ" ಎಂದು ಅಪ್ಪಂದಿರು ಸೇರಿಸಿದ್ದರು. ನನಗೆ ಮಾತ್ರ ನನ್ನ ವಿಷಯದ ಮೇಲೆ ವಿಪರೀತ ಅಭಿಮಾನ.

ಪಾಠದಲ್ಲಿ ಔತಣಕೂಟದ ಒಂದು ಭಾಗವಿತ್ತು. ಆಮಂತ್ರಣ ಹೇಗೆ ಬರೆಯಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾವ ಮಾತು ಎತ್ತಬೇಕು, ಹೊರಡುವವರನ್ನು ಎಲ್ಲಿಯವರೆಗೆ ಹೋಗಿ ಬೀಳ್ಕೊಡಬೇಕು, ಎಲ್ಲ. ಪ್ರಯೋಗಾಲಯದ ಮೇಜುಗಳನ್ನು ಕೂಡಿಸಿ, ಬಿಳಿ ಬೆಡ್‌ಶೀಟ್ ಹಾಸಿ, ಹದಿನಾರು ಹದಿನೇಳರ ಆ ಹುಡುಗಿಯರಿಗೆ ಇದನ್ನೆಲ್ಲ ಮಾಡಿಸಿ ತೋರಿಸುತ್ತಿದ್ದೆ.

ಅವರಲ್ಲೊಬ್ಬಳ ತಾಯಿ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಮಗಳು ಬೆಳಿಗ್ಗೆ ತಾಯಿಯ ಜೊತೆ ರೊಟ್ಟಿ ಬಡಿದು, ಮುಂಗೂದಲಿಗೆ ಜೋಳದ ಹಿಟ್ಟು ಮೆತ್ತಿಕೊಂಡೇ ತರಗತಿಗೆ ಬರುತ್ತಿದ್ದಳು. ಒಂದೇ ಸಲಕ್ಕೆ ನಾಲ್ಕು ತಾಟು ಎತ್ತುವ ಕೈ ಅವಳದು. "ಎರಡಽ ಸಾಕು. ಇದು ಖಾನಾವಳಿ ಅಲ್ಲವ್ವ" ಎಂದೆ ಒಮ್ಮೆ. ಉಳಿದವರು ನಕ್ಕರು. ಅವಳು ನಗಲಿಲ್ಲ, ಎರಡು ತಾಟು ಕೆಳಗಿಟ್ಟು ಕೇಳಿದಳು:

"ನೀಡಿ ಆದಮ್ಯಾಲೆ ನಾವು ಎಲ್ಲಿ ನಿಂದ್ರೂದ್ರಿ, ಮೇಡಂ?"

"ನಿಂದ್ರೂದಲ್ಲ, ಕುಂದ್ರೂದು. ಕರದಾವ್ರು ಬಂದಾವ್ರ ಜೋಡಿ ಕುಂತು ಉಣಬೇಕು. ಇಲ್ಲಾಂದ್ರ ಅದು ಔತಣ ಅಲ್ಲ, ಚಾಕರಿ."

ಅವಳು ಅದನ್ನು ವಹಿಯಲ್ಲಿ ಬರೆದುಕೊಂಡಳು. ನನಗೆ ಹೆಮ್ಮೆಯಾಯಿತು. ಬಸವನ ಬಾಗೇವಾಡಿಯ ನನ್ನ ಅತ್ತೆಮನೆಗೆ ಯಾರೇ ಊಟಕ್ಕೆ ಬರಲಿ, ನಾನು ಅವರ ಪಂಕ್ತಿಯಲ್ಲಿ ಒಂದು ದಿನವೂ ಕೂತವಳಲ್ಲ. ಎಲ್ಲರೂ ಕೈತೊಳೆದ ಮೇಲೆ ಒಲೆಯ ಪಕ್ಕದಲ್ಲಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವಳು. ಹುಡುಗಿಯರಿಗೆ ಅದನ್ನು ಹೇಳಲಿಲ್ಲ.

ಆ ಚಳಿಗಾಲದಲ್ಲಿ ಕಾಲೇಜಿನ ಹೊಸ ಕಟ್ಟಡದ ಉದ್ಘಾಟನೆಯಿತ್ತು. ವಿಜಯಪುರದಿಂದ ಆಡಳಿತ ಮಂಡಳಿಯ ಅಧ್ಯಕ್ಷರೂ ಸೇರಿ ಒಂಬತ್ತು ಮಂದಿ ಗಣ್ಯರು ಬರುವವರಿದ್ದರು. ಸಂಜೆಯ ಊಟ ನನ್ನ ವಿದ್ಯಾರ್ಥಿನಿಯರದೇ ಆಗಲಿ ಎಂದು ಪ್ರಾಚಾರ್ಯರು ಹೇಳಿದಾಗ ನಾನು ಹಿಗ್ಗಿಹೋದೆ. ಹನ್ನೆರಡು ಕುರ್ಚಿ ಹಾಕಿಸಿ, ಮೂವರು ಹುಡುಗಿಯರು ಅತಿಥಿಗಳ ಜೊತೆ ಕೂರುತ್ತಾರೆ ಎಂದು ಪ್ರಾಚಾರ್ಯರಿಗೆ ತಿಳಿಸಿದೆ. ಮೊಬೈಲಿನಿಂದ ಕಣ್ಣೆತ್ತದೆ, "ನಿಮಗ ತಿಳದಂಗ ಮಾಡ್ರಿ" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಯಾರು ಕೂರಬೇಕೆಂದು ಚೀಟಿ ಎತ್ತಿದೆವು. ಖಾನಾವಳಿಯ ಹುಡುಗಿಯ ಹೆಸರೂ ಬಂತು. ವಾರವಿಡೀ ಅವಳು ಮಾತು ರೂಢಿ ಮಾಡಿಕೊಂಡಳು. "ರಸ್ತೆ ಹೆಂಗಿತ್ರಿ ಅಂತ ಕೇಳಬೌದಲ್ರಿ, ಮೇಡಂ? ಈ ಸಲ ಜ್ವಾಳ ಹೆಂಗದಾವ ಅಂತ?" ಎಂದು ಬಂದು ಕೇಳುವಳು. ಅಕ್ಕನ ರೇಷ್ಮೆ ದಾವಣಿ ತಂದಿಟ್ಟುಕೊಂಡಿದ್ದಳು.

ಅಂದು ಎಲ್ಲವೂ ಸರಿಯಾಗಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಹೋಳಿಗೆ. ಅವಳು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕರೆತಂದು ಅವರವರ ಕುರ್ಚಿ ತೋರಿಸಿದಳು. ಮೊದಲ ಸುತ್ತು ನೀಡಿದ್ದಾಯಿತು. ಉಳಿದಿಬ್ಬರು ಹುಡುಗಿಯರು ಗೋಡೆಗೆ ಅಂಟಿಕೊಂಡು ನಿಂತೇಬಿಟ್ಟರು. ಇವಳೊಬ್ಬಳು ಕುರ್ಚಿ ಎಳೆದು ಕೂತಳು. ಪಕ್ಕದಲ್ಲಿದ್ದ ಹಿರಿಯ ಹೆಂಗಸಿಗೆ, "ರಸ್ತೆ ಹೆಂಗಿತ್ರಿ?" ಎಂದಳು.

ಆಡಳಿತ ಮಂಡಳಿಯ ಅಧ್ಯಕ್ಷರು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. "ಏ ತಂಗಿ, ನೀ ಯಾಕ ಕುಂತಿ?"

"ಕರದಾವ್ರು ನಾವಽ ಅಲ್ಲೇನ್ರಿ, ಸರ್."

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಪ್ರಾಚಾರ್ಯರು ನನ್ನತ್ತ ನೋಡಿದರು. ನಾನು ಕಲಿಸಿದ್ದು, ನಾನೇ ಕೂರಿಸಿದ್ದು ಎಂದು ಹೇಳಲು ನನಗೆ ಒಂದು ಗಳಿಗೆ ಸಾಕಿತ್ತು. ಆ ಒಂದು ಗಳಿಗೆ ನನಗೆ ಸಿಕ್ಕಿತ್ತು ಕೂಡ. ನಾನು ಹೇಳಿದ್ದು ಇಷ್ಟು:

"ಏಳವ್ವ. ಹೋಳಿಗಿ ತೊಗೊಂಡು ಬಾ ಹೋಗು."

ಅವಳು ನನ್ನನ್ನೇ ನೋಡಿದಳು. ಏನೋ ತಪ್ಪಾಗಿ ಕೇಳಿಸಿತೆಂಬಂತೆ ಕ್ಷಣ ಕಾದಳು. ಆಮೇಲೆ ಕೈವಸ್ತ್ರ ಮಡಚಿ ತಾಟಿನ ಎಡಕ್ಕೆ ಇಟ್ಟು, ಸದ್ದಾಗದಂತೆ ಕುರ್ಚಿ ಒಳಗೆ ಸರಿಸಿ ಎದ್ದಳು. ಊಟದ ನಡುವೆ ಏಳಬೇಕಾದರೆ ಹೇಗೆ ಏಳಬೇಕೆಂದು ನಾನು ಕಲಿಸಿದ್ದೆ, ಹಾಗೆಯೇ. ಹೋಳಿಗೆ ತಂದಳು, ತುಪ್ಪ ಹಾಕಿದಳು, "ಇನ್ನೊಂದೀಟು ಹಾಕಸ್ಕೋರಿ" ಎಂದು ಅಧ್ಯಕ್ಷರಿಗೂ ಹೇಳಿದಳು. ಖಾಲಿ ಕುರ್ಚಿಗಳ ಮೇಲೆ ಗಣ್ಯರ ಶಾಲು, ಹಾರ ಬಿದ್ದವು.

ಕೈತೊಳೆದು ಬಂದ ಅಧ್ಯಕ್ಷರು ನನ್ನನ್ನು ಹೊಗಳಿದರು. "ಹುಡುಗ್ಯಾರನ್ನ ಚಲೋ ತಯಾರ ಮಾಡೀರಿ, ಮೇಡಂ. ಮುಂದಿನ ವಾರ ನಮ್ಮ ಮಗಳ ನಿಶ್ಚಯ ಐತಿ. ಕಳಸ್ರಿ."

ಕಳಿಸಿದೆ. ಎಂಟು ಹುಡುಗಿಯರು ಸಮವಸ್ತ್ರದಲ್ಲಿ ಹೋಗಿ ನೀಡಿ ಬಂದರು. ನಾನೂ ಜೊತೆಗೆ ಹೋಗಿದ್ದೆ. ನನಗೊಂದು ಸೀರೆ ಉಡುಗೊರೆ ಕೊಟ್ಟರು, ಉಟ್ಟೆ ಕೂಡ. ತಾಟು ಹಿಡಿದು ನಿಂತ ಹುಡುಗಿಯರ ಫೋಟೊ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಎಲ್ಲರ ಜೊತೆ ನಾನೂ ಕೈಮುಗಿದ ಚಿತ್ರ ಹಾಕಿದೆ. ಖಾನಾವಳಿಯ ಹುಡುಗಿ ಆ ನಿಶ್ಚಯಕ್ಕೆ ಬಂದಿರಲಿಲ್ಲ. ಏಕೆಂದು ಕೇಳುವ ಮುಖ ನನಗಿರಲಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಮುದ್ದೇಬಿಹಾಳದಿಂದ ಒಬ್ಬರು ಮೇಡಂ ಬಂದಿದ್ದರು. ಅವರ ಪಕ್ಕದಲ್ಲೇ ಕೂತಿದ್ದೆ.

"ಔತಣಕೂಟದಾಗ ಆತಿಥೇಯರ ಮೊದಲನೇ ಕರ್ತವ್ಯ ಏನವ್ವ?" ಎಂದು ಅವರು ಖಾನಾವಳಿಯ ಹುಡುಗಿಯನ್ನು ಕೇಳಿದರು.

"ನಿಂದ್ರೂದ್ರಿ," ಎಂದಳು ಅವಳು.

ಹೆದರಿ ಏನೋ ಅಂದಳು ಎಂದುಕೊಂಡ ಅವರು ಮತ್ತೆ ಕೇಳಿದರು. ಅದೇ ಉತ್ತರ. "ಹುಡುಗಿ ಶಾಣ್ಯಾಕಿ ಅದಾಳ್ರಿ, ಇವತ್ತ ಗಾಬರಿ ಆಗ್ಯಾಳ," ಎಂದು ನಾನು ನಡುವೆ ಬಾಯಿ ಹಾಕಿ ಅವಳಿಗೆ ಅಂಕ ಹಾಕಿಸಿದೆ. ಅವಳು ಅದನ್ನು ಉಪಕಾರವೆಂದು ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಬೇಸಿಗೆಯಲ್ಲಿ ಅಂಕಪಟ್ಟಿ ಒಯ್ಯಲು ಬಂದಳು. ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಹೇಳಬೇಕಾದದ್ದನ್ನು ಆ ಪರೀಕ್ಷೆಯ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅವಳು ಸಹಿ ಮಾಡಿ ಪೆನ್ನು ನನ್ನ ಮುಂದಿಟ್ಟಳು.

"ಊಟ ಆತೇನವ್ವ?" ಎಂದೆ.

"ಆತ್ರಿ," ಎಂದು ಹೇಳಿ ಹೋದಳು.