ಲಖ್ದರ್ ಬಳಿದ ಸೇತುವೆ
ಹಳ್ಳದ ಮೇಲಿನ ಕಬ್ಬಿಣದ ಸೇತುವೆ ಕಾಯುವುದು ಲಖ್ದರ್‌ನ ಕೆಲಸ. ಅದನ್ನು ಕಟ್ಟಿದ ಫ್ರೆಂಚರು ಅಲ್ಜೀರಿಯಾ ಬಿಟ್ಟು ಅರವತ್ತು ವರ್ಷವಾಯಿತು. ಆಮೇಲೆ ಅದನ್ನು ನೋಡಿಕೊಂಡವರು ಇಬ್ಬರೇ: ಮೊದಲು ಲಖ್ದರ್‌ನ ಅಪ್ಪ, ಈಗ ಲಖ್ದರ್. ಸರ್ಕಾರವೂ ನೋಡಿಕೊಂಡಿತು ಅನ್ನಿ, ದೂರದಿಂದ.

ತೊಲೆಗಳನ್ನು ತುಕ್ಕು ತಿಂದು ತೂತು ಮಾಡಿತ್ತು. ಮಗಳು ವರ್ದಿಯಾ ಆಚೆ ದಡದ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ದಿನಾ ಬೆಳಿಗ್ಗೆ ಅವಳ ಬಸ್ಸು ದಾಟುವ ತನಕ ಈ ಮನುಷ್ಯನ ಜೀವ ಬಾಯಿಗೆ ಬಂದಿರುತ್ತಿತ್ತು. ಹನ್ನೊಂದು ವರ್ಷ ಅರ್ಜಿ ಬರೆದ. ಕೊನೆಗೂ ಉತ್ತರ ಬಂತು: ಪ್ರಾಂತ್ಯದ ದೊಡ್ಡ ಸಾಹೇಬರು, ವಲಿಯವರೇ, ಖುದ್ದಾಗಿ ನೋಡಿ ರಿಪೇರಿ ಬೇಕೋ ಬೇಡವೋ ಹೇಳುತ್ತಾರೆ.

ವಲಿ ಬರುತ್ತಾರೆಂದರೆ ನಮ್ಮಲ್ಲಿ ರಸ್ತೆಯ ಅಂಚಿಗೆ ಬಣ್ಣ ಬೀಳುತ್ತದೆ, ನಿನ್ನೆ ಇಲ್ಲದ ಹೂಕುಂಡಗಳು ಇಂದು ಹುಟ್ಟುತ್ತವೆ. ಪುರಸಭೆಯವರು ಹತ್ತು ಡಬ್ಬ ಹಸಿರು ಬಣ್ಣ ತಂದು ಲಖ್ದರ್‌ನ ಮುಂದಿಟ್ಟರು. ಬೇಡ ಅನ್ನಬೇಕಿತ್ತು ತಾನೇ? ಊಹೂಂ! ಅತಿಥಿ ಬರುವಾಗ ಮನೆ ಕೊಳಕಾಗಿದ್ದರೆ ಮಾನ ಉಳಿದೀತೇ? ಮೂರು ದಿನ ಬಳಿದ. ತೂತುಗಳಿಗೆ ಪುಟ್ಟಿ ಮೆತ್ತಿ, ನುಣ್ಣಗೆ ಉಜ್ಜಿ, ಮೇಲೆ ಎರಡು ಸಲ ಬಣ್ಣ ಹೊಡೆದ.

"ಅಪ್ಪಾ, ತೂತು ತೋರ್ಸೋಕೆ ತಾನೇ ಅವ್ರನ್ನ ಕರ್ಸಿದ್ದು?" ಎಂದಳು ವರ್ದಿಯಾ.

"ಸುಮ್ನಿರೇ. ಬಂದೋರಿಗೆ ಮೊದ್ಲು ಮರ್ಯಾದೆ, ಆಮೇಲೆ ನಮ್ಮ ಗೋಳು. ಬಾಯಲ್ಲೇ ಹೇಳ್ತೀನಿ ಬಿಡು."

ವಲಿ ಬಂದರು. ಖರ್ಜೂರ ತಿಂದರು, ಹಾಲು ಕುಡಿದರು, ಕಂಬಿ ತಟ್ಟಿದರು.

"ಭಲೇ! ಹೊಸದರ ಹಾಗಿದೆಯಲ್ರೀ. ಇದಕ್ಯಾಕೆ ರಿಪೇರಿ?"

"ತೂತು ಬಿದ್ದಿದೆ ಸಾಹೇಬ್ರೇ..."

"ಎಲ್ಲಿ, ತೋರ್ಸಿ?"

ಲಖ್ದರ್ ತೊಲೆಯುದ್ದಕ್ಕೂ ತಡಕಾಡಿದ. ಅವನ ಕೈಚಳಕ ಮುಚ್ಚಿಟ್ಟ ತೂತು ಅವನಿಗೇ ಸಿಗಲಿಲ್ಲ! ವಲಿ ಹೊಟ್ಟೆ ಕುಲುಕಿಸಿ ನಕ್ಕರು, ಇನ್ನು ಮೇಲೆ ಲಾರಿಗಳೂ ಓಡಾಡಲಿ ಎಂದು ಅಪ್ಪಣೆ ಕೊಟ್ಟು ಹೊರಟರು.

ಮರುದಿನ ಬೆಳಿಗ್ಗೆ ಲಖ್ದರ್ ಕಬ್ಬಿಣದ ಪಟ್ಟಿ ಹಿಡಿದು ತೊಲೆ ಕೆರೆಯತೊಡಗಿದ. ಪುರಸಭೆಯ ಗುಮಾಸ್ತ ಓಡಿಬಂದ.

"ಏಯ್, ಸರ್ಕಾರಿ ಬಣ್ಣ ಕೆರೀತೀಯಾ? ಕೆಲ್ಸ ಹೋಗತ್ತೆ, ಹುಷಾರ್!"

"ಹೋಗ್ಲಿ ಬಿಡಯ್ಯ. ಬಣ್ಣ ಸರ್ಕಾರದ್ದು, ಮಗಳು ನನ್ನೋಳು."

ಅಷ್ಟರಲ್ಲಿ ಬಸ್ಸು ಬಂತು. ಲಖ್ದರ್ ಅಡ್ಡ ನಿಂತ. "ಎಲ್ರೂ ಇಳೀರಿ. ನಡ್ಕೊಂಡು ದಾಟಿ."

"ತಲೆ ಕೆಟ್ಟಿದ್ಯಾ ಕಾಕಾ?" ಎಂದ ಡ್ರೈವರ್. "ವಲಿಯವ್ರೇ ಗಟ್ಟಿ ಅಂದಿದಾರೆ!"

"ಅವ್ರು ಹೊಗಳಿದ್ದು ನನ್ನ ಬಣ್ಣಾನ ಕಣೋ, ಸೇತುವೇನಲ್ಲ."

ಜನ ಬಯ್ದರು, ನಕ್ಕರು, ಯಾರೂ ಕದಲಲಿಲ್ಲ. ವರ್ದಿಯಾ ಒಬ್ಬಳೇ ಇಳಿದು ಅಪ್ಪ ಕೆರೆದ ಜಾಗಕ್ಕೆ ಬಂದಳು. ಪುಟ್ಟಿ ಉದುರಿ ಕೆಳಗಿನ ನೀರು ಕಾಣುತ್ತಿತ್ತು. ಬಗ್ಗಿ ನೋಡಿದಳು. ಮತ್ತೆ ಬಸ್ಸಿನ ಕಡೆ ತಿರುಗಿ ಕೂಗಿದಳು:

"ಇಳೀರಿ. ಆದ್ರೆ ಒಟ್ಟಿಗೆ ಬರ್ಬೇಡಿ, ಒಬ್ಬೊಬ್ರೇ ಬನ್ನಿ."